ಬಚ್ಚಲಿನ ಟೈಲ್ಸ್ ಕೆಳಗೆ ಹಿಡಿಯುವ ತುಕ್ಕು

ಜಯನಗರ, ಬನಶಂಕರಿ, ಜೆ.ಪಿ. ನಗರದ ಯಾವ ಅಡ್ಡರಸ್ತೆಗೆ ಹೋದರೂ ಹಸಿರು ಪರದೆ ಹೊದ್ದ ಒಂದೆರಡು ಕಟ್ಟಡಗಳಾದರೂ ಕಣ್ಣಿಗೆ ಬೀಳುತ್ತವೆ. ಸಿಐಟಿಬಿ (ನಗರ ಸುಧಾರಣಾ ಮಂಡಳಿ) ಕಾಲದಲ್ಲಿ ಹಂಚಿಕೆಯಾದ 30×40, 40×60 ಅಡಿಯ ನಿವೇಶನಗಳಲ್ಲಿ ಒಂದೇ ಕುಟುಂಬಕ್ಕೆಂದು ಕಟ್ಟಿದ್ದ ಮನೆಯನ್ನು ಕೆಡವಿ, ಕೆಳಗೆ ಪಾರ್ಕಿಂಗಿಗೆ ಜಾಗ ಬಿಟ್ಟು, ಮೇಲೆ ಮೂರು–ನಾಲ್ಕು ಮಹಡಿ ಏರಿಸುತ್ತಿದ್ದಾರೆ. ಬಿಟಿಎಂ ಬಡಾವಣೆಯಲ್ಲಾದರೆ ಅದೇ ಅಳತೆಯ ಜಾಗದಲ್ಲಿ ಪಿಜಿ ಎದ್ದು, ಕೋಣೆಗೊಂದು ಬಾತ್‌ರೂಮ್ ಬರುತ್ತದೆ. ಇಡೀ ಮನೆಗೆ ಒಂದು ಬಚ್ಚಲು ಇದ್ದ ನಿವೇಶನದಲ್ಲಿ ಇವತ್ತು ಹತ್ತು–ಹನ್ನೆರಡು ಬಚ್ಚಲುಗಳಿವೆ. ಅವುಗಳಲ್ಲಿ ಬಹುಪಾಲು ಇನ್ನೊಬ್ಬರು ಮಲಗುವ, ಅಡುಗೆ ಮಾಡುವ, ಮಿಂದು ಬರುವ ಜಾಗದ ತಲೆಯ ಮೇಲಿವೆ.

ಟೈಲ್ಸ್ ಹಾಕುವ ಮೊದಲು ನೀರು ನಿಲ್ಲಿಸಿ ಪರೀಕ್ಷಿಸಿದ ಬಚ್ಚಲು ಈ ಕಟ್ಟಡಗಳಲ್ಲಿ ಅಪರೂಪ. ಕೆಲಸ ಮುಗಿಸುವ ಅವಸರದಲ್ಲಿ ಬಿಟ್ಟುಹೋಗುವ ಈ ಒಂದು ಹೆಜ್ಜೆಯ ಫಲ ಮೊದಲ ವರ್ಷ ಕಾಣುವುದಿಲ್ಲ, ಎರಡನೆಯ ವರ್ಷವೂ ಕಾಣದಿರಬಹುದು. ಮುಂದೆ ಕೆಳಮನೆಯ ಸೂರಿನಲ್ಲಿ ಕಲೆಯಾಗಿ ಕಾಣಿಸಿಕೊಂಡಾಗ ಎಲ್ಲರೂ ಅದನ್ನು ಬಣ್ಣದ ಸಮಸ್ಯೆ ಎಂದೇ ತಿಳಿಯುತ್ತಾರೆ. ಅದು ಕಬ್ಬಿಣದ ಸಮಸ್ಯೆ. ಇವತ್ತಿನ ಲೆಕ್ಕದಲ್ಲೇ ಕಟ್ಟುತ್ತಾ ಹೋದರೆ ಮುಂದಿನ ಹದಿನೈದು–ಇಪ್ಪತ್ತು ವರ್ಷಗಳಲ್ಲಿ ದಕ್ಷಿಣ ಬೆಂಗಳೂರಿನ ಸಾವಿರಾರು ಮನೆಗಳ ಮೋಲ್ಡ್ (ಕಾಂಕ್ರೀಟ್ ಸ್ಲ್ಯಾಬ್) ಒಳಗಿನಿಂದ ಸವೆಯುತ್ತದೆ ಎಂದು ನಾನು ಎಚ್ಚರಿಸುತ್ತಿರುವುದು ಅದಕ್ಕೇ.

ಹಳೆಯ ಮನೆಗಳಲ್ಲಿ ಈ ಭಯ ಯಾಕಿರಲಿಲ್ಲ ಎಂಬುದನ್ನು ಮೊದಲು ನೋಡಬೇಕು. ಬಚ್ಚಲುಮನೆ ಹಿತ್ತಿಲ ಕಡೆಗೆ, ನೆಲದ ಮೇಲೇ ಇರುತ್ತಿತ್ತು. ಹಂಡೆಯ ಒಲೆ, ಕಲ್ಲುಚಪ್ಪಡಿ, ಮೂಲೆಯಲ್ಲೊಂದು ಮೋರಿ. ಚಪ್ಪಡಿಯ ಸಂದಿನಲ್ಲಿ ನೀರು ಇಳಿದರೂ ಮಣ್ಣು ಕುಡಿಯುತ್ತಿತ್ತು, ಅದರ ಕೆಳಗೆ ತುಕ್ಕು ಹಿಡಿಯಲು ಕಂಬಿಯೇ ಇರಲಿಲ್ಲ. ಇನ್ನೊಂದು ವ್ಯತ್ಯಾಸ ನಮ್ಮ ಸ್ನಾನದ ರೀತಿಯಲ್ಲೇ ಇದೆ. ಬಕೆಟ್ಟಿನಿಂದ ಚೊಂಬಿನಲ್ಲಿ ಮೊಗೆದು ಸುರಿದುಕೊಂಡಾಗ ಒದ್ದೆಯಾಗುವುದು ನೆಲ ಮತ್ತು ಗೋಡೆಯ ಕೆಳಗಿನ ಎರಡು ಅಡಿ. ಶವರ್ ಬಂದ ಮೇಲೆ ತಲೆಯೆತ್ತರದಿಂದ ಗೋಡೆ ಪೂರ್ತಿ ತೋಯುತ್ತದೆ. ಗಾಜಿನ ಪಾರ್ಟಿಷನ್ ಹಾಕಿ ಮಾಡಿದ ಮೂರಡಿ ಚೌಕದ ಶವರ್ ಜಾಗದಲ್ಲಂತೂ ಮನೆಮಂದಿಯೆಲ್ಲ ಬಳಸುವ ನೀರು ಅದೇ ಎರಡು ಮೂರು ಗೋಡೆಗಳಿಗೆ, ಅದೇ ಒಂದು ಮೂಲೆಗೆ ಪ್ರತಿದಿನ ಬಡಿಯುತ್ತದೆ. ಆದರೆ ನಮ್ಮಲ್ಲಿ ವಾಟರ್‌ಪ್ರೂಫಿಂಗ್ ಎಂದರೆ ಇವತ್ತಿಗೂ ನೆಲಕ್ಕೆ ಬಳಿಯುವುದು, ಗೋಡೆಗೆ ಒಂದು ಅಡಿ ಹತ್ತಿಸಿ ಬಿಡುವುದು. ಆಸ್ಟ್ರೇಲಿಯಾದ ಮಾನಕ ಎಎಸ್ 3740 ಶವರ್ ಗೋಡೆಗೆ ನೆಲದಿಂದ 1800 ಮಿಲಿಮೀಟರ್ ಎತ್ತರದವರೆಗೆ ನೀರಿನಿಂದ ರಕ್ಷಣೆ ಕೇಳುತ್ತದೆ. ಬೆಂಗಳೂರಿನ ಒಳಗೋಡೆಗಳು ಹೆಚ್ಚಾಗಿ ನಾಲ್ಕು ಅಥವಾ ಆರು ಇಂಚಿನ ಸಾಲಿಡ್ ಬ್ಲಾಕಿನವು. ಆ ಬ್ಲಾಕ್ ನೀರು ಹೀರುತ್ತದೆ. ಡೈವರ್ಟರ್ ಕೂರಿಸಲು, ಪೈಪು ಇಳಿಸಲು ಅದರಲ್ಲೇ ಅರ್ಧ ದಪ್ಪ ಕೊರೆದಿರುತ್ತಾರೆ. ಗೋಡೆಯ ಆಚೆ ಬದಿಗೆ ಮಲಗುವ ಕೋಣೆಯ ವಾರ್ಡ್‌ರೋಬ್. ಅದರ ಹಿಂಬದಿಯ ಪ್ಲೈವುಡ್ ಉಬ್ಬಿ, ಬಟ್ಟೆಗೆ ಮುಗ್ಗಲು ವಾಸನೆ ಹತ್ತಿದಾಗ ಮನೆಯವರು ಮಳೆಯನ್ನು ದೂರುತ್ತಾರೆ.

ಟೈಲ್ಸ್ ಹಾಕಿದ ಮೇಲೆ ನೀರು ಎಲ್ಲಿ ಇಳಿಯುತ್ತದೆ ಎಂದು ಬಹಳ ಜನ ಕೇಳುತ್ತಾರೆ. ವಿಟ್ರಿಫೈಡ್ ಟೈಲ್ಸ್ ಹೀರುವ ನೀರು ಅದರ ತೂಕದ ಅರ್ಧ ಶೇಕಡಕ್ಕಿಂತ ಕಡಿಮೆ, ಅದು ನಿಜ. ಆದರೆ ಎರಡು ಟೈಲ್ಸ್ ನಡುವಿನ ಸಂದು ತುಂಬಿರುವುದು ಸಿಮೆಂಟಿನ ಗ್ರೌಟ್. ಸಿಮೆಂಟಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ದೀಪದ ಬತ್ತಿ ಎಣ್ಣೆ ಎಳೆಯುವಂತೆ ಅವು ನೀರನ್ನು ಎಳೆಯುತ್ತವೆ. ನೆಲದ ನೀರು ಹೊರಹೋಗುವ ನಹಾನಿ ಟ್ರ್ಯಾಪಿನ ಅಂಚು, ಪೈಪು ಹೊರಬರುವ ತೂತು, ನೆಲ–ಗೋಡೆ ಕೂಡುವ ಮೂಲೆ, ಈ ಮೂರು ಕಡೆ ಸಣ್ಣ ಬಿರುಕು ಬೇಗ ಬೀಳುತ್ತದೆ. ಪಿವಿಸಿ ಪೈಪಿನ ಮೈ ನುಣುಪು, ಸಿಮೆಂಟು ಅದಕ್ಕೆ ಕಚ್ಚುವುದಿಲ್ಲ. ಗೀಸರಿನ ಬಿಸಿನೀರಿಗೆ ಪೈಪು ಹಿಗ್ಗಿ ಕುಗ್ಗಿದಾಗ ಸುತ್ತಲಿನ ಗಾರೆ ಬಿಟ್ಟುಕೊಳ್ಳುತ್ತದೆ. ಟೈಲ್ಸ್ ಕೆಳಗೆ ಅಷ್ಟಿಷ್ಟು ನೀರು ಇಳಿಯುವುದನ್ನು ತಪ್ಪಿಸಲಾಗದು. ಇಳಿದ ನೀರನ್ನು ತಡೆದು ಮತ್ತೆ ಡ್ರೈನಿಗೆ ತಿರುಗಿಸುವ ಪದರ ಕೆಳಗಿದೆಯೇ ಇಲ್ಲವೇ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಆ ಪದರ ಇಲ್ಲದಿದ್ದರೆ ನೀರು ನಿಲ್ಲುವುದು ಸಂಕನ್ ಸ್ಲ್ಯಾಬಿನ ಗುಂಡಿಯಲ್ಲಿ. ಮಹಡಿಯ ಬಚ್ಚಲಿನ ಮೋಲ್ಡನ್ನು ಸುತ್ತಲಿನ ನೆಲಕ್ಕಿಂತ ಒಂದು ಅಡಿಯವರೆಗೆ ತಗ್ಗಿಸಿ, ಅಲ್ಲಿ ಪೈಪುಗಳನ್ನು ಮಲಗಿಸಿ, ಇಟ್ಟಿಗೆ ಚೂರು, ಜಲ್ಲಿ, ಒಡೆದ ಗೋಡೆಯ ಪುಡಿ ತುಂಬಿ ಮೇಲೆ ಟೈಲ್ಸ್ ಹಾಸುವುದು ಇಲ್ಲಿನ ರೂಢಿ. ಲೆಕ್ಕ ಹಾಕಿ ನೋಡಿ. ಐದು ಅಡಿ ಅಗಲ, ಎಂಟು ಅಡಿ ಉದ್ದ, ಒಂದು ಅಡಿ ಆಳದ ಗುಂಡಿ ಎಂದರೆ 40 ಘನ ಅಡಿ, ಸುಮಾರು 1130 ಲೀಟರ್ ಜಾಗ. ತುಂಬಿದ ಚೂರುಗಳ ನಡುವೆ ಮೂರನೇ ಒಂದು ಪಾಲು ಖಾಲಿ ಎಂದುಕೊಂಡರೂ 370 ಲೀಟರಿಗೂ ಮೀರಿ ನೀರು ಅಲ್ಲಿ ಕೂರಬಲ್ಲದು. 40 ಚದರ ಅಡಿ ಅಂದರೆ 3.7 ಚದರ ಮೀಟರ್. ಹಾಗಾಗಿ ಚದರ ಮೀಟರಿಗೆ ಸುಮಾರು 100 ಕಿಲೋ ಹೆಚ್ಚಿನ ಭಾರ. ವಾಸದ ಮನೆಯ ಬಚ್ಚಲಿಗೆ ಭಾರತೀಯ ಮಾನಕ ಐಎಸ್ 875 ಹೇಳುವ ಬಳಕೆಯ ಭಾರ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದಾಜು 200 ಕಿಲೋ. ಅದರ ಅರ್ಧದಷ್ಟು ಭಾರವನ್ನು ಯಾರೂ ಲೆಕ್ಕಕ್ಕೆ ಹಿಡಿಯದ ನೀರೇ ತಿಂದುಬಿಡುತ್ತದೆ. ಮೋಲ್ಡ್ ಅಷ್ಟಕ್ಕೇ ಬೀಳುವುದಿಲ್ಲ, ವಿನ್ಯಾಸದಲ್ಲಿ ಸುರಕ್ಷತೆಯ ಅಂತರ ಇಟ್ಟಿರುತ್ತಾರೆ. ಆದರೆ ಆ ಅಂತರವನ್ನು ಇನ್ನೊಂದು ಕಡೆಯಿಂದ ತುಕ್ಕು ಕೊರೆಯುತ್ತಾ ಬರುತ್ತದೆ.

ಒಳ್ಳೆಯ ಕಾಂಕ್ರೀಟಿನೊಳಗೆ ಕಬ್ಬಿಣ ತುಕ್ಕು ಹಿಡಿಯುವುದಿಲ್ಲ. ಸಿಮೆಂಟಿನ ಕ್ಷಾರ ಅಷ್ಟು ತೀವ್ರ, ಪಿಎಚ್ 12.5ರಿಂದ 13. ಆ ಕ್ಷಾರದಲ್ಲಿ ಕಂಬಿಯ ಮೈಮೇಲೆ ತೆಳುವಾದ ರಕ್ಷಣೆಯ ಪೊರೆ ಕಟ್ಟಿರುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಮೆಲ್ಲಗೆ ಒಳಸೇರಿ ಈ ಕ್ಷಾರವನ್ನು ಸುಣ್ಣದ ಕಾರ್ಬೊನೇಟಾಗಿ ಬದಲಿಸುತ್ತದೆ. ಪಿಎಚ್ 9ಕ್ಕೆ ಇಳಿಯುವ ಹೊತ್ತಿಗೆ ಪೊರೆ ಕರಗಿರುತ್ತದೆ. ಗಾಳಿಯ ತೇವಾಂಶ ಶೇ 50ರಿಂದ 70ರ ನಡುವೆ ಇರುವಾಗ ಈ ಕ್ರಿಯೆ ಅತಿ ವೇಗ. ಅಂದರೆ ಕೆಳಮನೆಯ ಒಣ ಸೂರಿನ ಕಡೆಯಿಂದಲೇ ಅದು ಸಲೀಸಾಗಿ ನುಗ್ಗುತ್ತದೆ. ಹೋಗುವ ಆಳ ಕಾಲದ ವರ್ಗಮೂಲದ ಅನುಪಾತದಲ್ಲಿ ಬೆಳೆಯುತ್ತದೆ. ಹತ್ತು ವರ್ಷಕ್ಕೆ 10 ಮಿಲಿಮೀಟರ್ ಹೋದರೆ 20 ಮಿಲಿಮೀಟರ್ ತಲುಪಲು ನಲವತ್ತು ವರ್ಷ ಬೇಕು. ಮೋಲ್ಡಿನ ಕಂಬಿಗೆ ಐಎಸ್ 456 ಕೇಳುವ ಕನಿಷ್ಠ ಕವರ್, ಅಂದರೆ ಕಂಬಿಯ ಹೊರಗಿನ ಕಾಂಕ್ರೀಟಿನ ದಪ್ಪ, 20 ಮಿಲಿಮೀಟರ್. ಸೆಂಟ್ರಿಂಗ್ ಮೇಲೆ ಕವರ್ ಬ್ಲಾಕ್ ಸರಿಯಾಗಿ ಇಡದೆ, ಕಾಂಕ್ರೀಟ್ ಸುರಿಯುವಾಗ ಕಂಬಿ ತುಳಿದು ಅದು 10ಕ್ಕೆ ಇಳಿದಿದ್ದರೆ, ನಲವತ್ತು ವರ್ಷದ ರಕ್ಷಣೆ ಹತ್ತು ವರ್ಷಕ್ಕೇ ಮುಗಿಯಿತು.

ಪೊರೆ ಹೋದರೂ ತುಕ್ಕಿಗೆ ನೀರು ಬೇಕು. ಒಣ ನಡುಮನೆಯ ಸೂರಿನಲ್ಲಿ ಕ್ಷಾರ ಕಳೆದುಕೊಂಡ ಕಂಬಿ ದಶಕಗಟ್ಟಲೆ ಸುಮ್ಮನಿರಬಲ್ಲದು. ಬಚ್ಚಲಿನ ಕೆಳಗೆ ಹಾಗಾಗುವುದಿಲ್ಲ. ಕೆಳಗಿನಿಂದ ಗಾಳಿ, ಮೇಲಿನಿಂದ ನೀರು, ಎರಡೂ ಒಂದೇ ಕಂಬಿಯ ಹತ್ತಿರ ಸೇರುತ್ತವೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ, ಸುತ್ತಲಿನ ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ. ಮೋಲ್ಡಿನಲ್ಲಿ ಸಾಮಾನ್ಯವಾಗಿ ಬಳಸುವುದು 8 ಮಿಲಿಮೀಟರ್ ಕಂಬಿ. ಸುತ್ತಲೂ ಅರ್ಧ ಮಿಲಿಮೀಟರ್ ತಿಂದರೆ ವ್ಯಾಸ 7ಕ್ಕೆ ಇಳಿಯಿತು, ಕಂಬಿಯ ಅಡ್ಡಕೊಯ್ತದ ವಿಸ್ತೀರ್ಣದಲ್ಲಿ ಶೇ 23ರಷ್ಟು ಹೋಯಿತು. ಅರ್ಧ ಮಿಲಿಮೀಟರ್ ಎಂದರೆ ಉಗುರಿನ ದಪ್ಪ. ಸ್ಲ್ಯಾಬಿನ ನಡುಭಾಗದ ಭಾರವನ್ನು ಎಳೆದು ಹಿಡಿಯುವುದು ಕೆಳಪದರದ ಇದೇ ಕಂಬಿಗಳು.

ದಕ್ಷಿಣ ಬೆಂಗಳೂರಿನಲ್ಲಿ ಇದಕ್ಕೆ ಇನ್ನೊಂದು ವಿಷ ಸೇರುತ್ತದೆ, ಇದನ್ನು ಹೆಚ್ಚು ಜನ ಗಮನಿಸಿಲ್ಲ. ಕಾವೇರಿ ನೀರು ಸಾಲದ ಕಡೆ ಬಾತ್‌ರೂಮಿಗೆ ಬರುವುದು ಬೋರ್‌ವೆಲ್ ನೀರು. ಲಾಲ್‌ಬಾಗ್ ಬಂಡೆಯ ಜಾತಿಯ ಗ್ನೈಸ್ ಶಿಲೆಯ ಬಿರುಕುಗಳಿಂದ ಮೇಲೆ ಬರುವ ಆ ನೀರು ಗಡಸು, ಟೈಲ್ಸ್ ಮೇಲೆ ಬಿಳಿ ಪದರ ಕಟ್ಟುತ್ತದೆ. ಅದನ್ನು ತೆಗೆಯಲು ಅಂಗಡಿಯಲ್ಲಿ ಬಾಟಲಿಗಟ್ಟಲೆ ಸಿಗುವ ಆಸಿಡ್ ಸುರಿಯುತ್ತಾರೆ. ಅದು ಹೈಡ್ರೋಕ್ಲೋರಿಕ್ ಆಮ್ಲ. ನೊರೆ ಎದ್ದು ಕಲೆ ಹೋಗುತ್ತದೆ, ಜೊತೆಗೆ ಗ್ರೌಟಿನ ಸಿಮೆಂಟೂ ಕರಗುತ್ತದೆ. ಆಮ್ಲ ಮತ್ತು ಸುಣ್ಣ ಸೇರಿ ಹುಟ್ಟುವುದು ಕ್ಯಾಲ್ಸಿಯಂ ಕ್ಲೋರೈಡ್, ನೀರಿನಲ್ಲಿ ಸುಲಭವಾಗಿ ಕರಗುವ ಉಪ್ಪು. ತೊಳೆದ ನೀರಿನ ಒಂದು ಪಾಲು ತೆರೆದ ಗ್ರೌಟಿನ ಸಂದಿನಲ್ಲಿ ಕೆಳಗಿಳಿಯುತ್ತದೆ, ಕ್ಲೋರೈಡನ್ನೂ ಹೊತ್ತೊಯ್ಯುತ್ತದೆ. ಕ್ಲೋರೈಡಿಗೆ ಕ್ಷಾರ ಇಳಿಯುವವರೆಗೆ ಕಾಯುವ ಅಗತ್ಯವಿಲ್ಲ, ಕಂಬಿಯ ರಕ್ಷಣೆಯ ಪೊರೆಯನ್ನು ಅದು ನೇರವಾಗಿ ಒಡೆಯುತ್ತದೆ. ಸಮುದ್ರದಂಡೆಯ ಕಟ್ಟಡಗಳು ಬೇಗ ಕೆಡುವುದು ಈ ಕಾರಣಕ್ಕೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಊರಿನಲ್ಲಿ ಅದೇ ಉಪ್ಪನ್ನು ನಾವು ಕೈಯಾರೆ ಸುರಿಯುತ್ತಿದ್ದೇವೆ.

ಕೆಳಮನೆಯಲ್ಲಿ ಇದು ಹೇಗೆ ಕಾಣುತ್ತದೆ? ಮೊದಲು ಸೂರಿನಲ್ಲಿ ಅಂಗೈ ಅಗಲದ ಹಳದಿ ಕಲೆ, ಅಂಚು ಕಂದು. ಬಣ್ಣ ಗುಳ್ಳೆಯೇಳುತ್ತದೆ, ಮುಟ್ಟಿದರೆ ಹಪ್ಪಳದಂತೆ ಕಳಚುತ್ತದೆ. ಅದರ ಕೆಳಗೆ ಬಿಳಿ ಪುಡಿ, ಕಾಂಕ್ರೀಟಿನಿಂದ ಕರಗಿ ಬಂದ ಸುಣ್ಣ. ಕೆಲವು ಕಡೆ ಪೈಪಿನ ಸುತ್ತ ಆ ಸುಣ್ಣ ಸಣ್ಣ ಮೊಳೆಗಳಾಗಿ ಇಳಿಬಿದ್ದಿರುತ್ತದೆ, ತುದಿಯಲ್ಲೊಂದು ಹನಿ. ಇಷ್ಟರವರೆಗೆ ಕಂಬಿ ಉಳಿದಿರಬಹುದು. ಮುಂದೆ ಕಲೆಗೆ ಇಟ್ಟಿಗೆ ಬಣ್ಣ ಬರುತ್ತದೆ, ಆರು–ಎಂಟು ಇಂಚಿಗೊಂದರಂತೆ ನೇರ ಗೆರೆಯ ಬಿರುಕುಗಳು ಮೂಡುತ್ತವೆ. ಕಂಬಿ ಇರುವ ಅಂತರವೇ ಅದು. ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಪಕ್ಕದ ಜಾಗ ಠಣ್ ಎನ್ನುತ್ತದೆ, ಬಿರುಕಿನ ಹತ್ತಿರ ಟೊಳ್ಳು ಸದ್ದು. ಆ ಹಂತದಲ್ಲಿ ಪುಟ್ಟಿ ಮೆತ್ತಿ ಬಣ್ಣ ಬಳಿದು ಬಾಡಿಗೆಗೆ ಕೊಡುವುದು ಅಪರಾಧಕ್ಕೆ ಸಮ. ಅದರ ಕೆಳಗೆ ಮಲಗುವವರು ಇನ್ನೊಬ್ಬರ ಮಕ್ಕಳು.

ನೀರನ್ನು ಅಸಡ್ಡೆ ಮಾಡಿದ ಕಟ್ಟಡ ಎಲ್ಲಿಗೆ ಹೋಗಿ ಮುಟ್ಟಬಹುದು ಎಂಬುದಕ್ಕೆ ಜಗತ್ತು ಈಗಾಗಲೇ ಸಾಕ್ಷಿ ಕೊಟ್ಟಿದೆ. ಅಮೆರಿಕದ ಫ್ಲಾರಿಡಾದ ಸರ್ಫ್‌ಸೈಡ್‌ನಲ್ಲಿ 2021ರ ಜೂನ್ 24ರ ನಸುಕಿನಲ್ಲಿ ಶಾಂಪ್ಲೇನ್ ಟವರ್ಸ್ ಸೌತ್ ಎಂಬ ಅಪಾರ್ಟ್‌ಮೆಂಟ್ ಕುಸಿದು 98 ಜನ ಸತ್ತರು. ಈಜುಕೊಳದ ಅಂಗಳದ ವಾಟರ್‌ಪ್ರೂಫಿಂಗ್ ಹಾಳಾಗಿದೆ, ಅಂಗಳಕ್ಕೆ ಇಳಿಜಾರೇ ಇಲ್ಲದೆ ನೀರು ನಿಲ್ಲುತ್ತಿದೆ, ಅದರಿಂದ ಕೆಳಗಿನ ಕಾಂಕ್ರೀಟಿಗೆ ದೊಡ್ಡ ಹಾನಿಯಾಗುತ್ತಿದೆ ಎಂದು 2018ರಲ್ಲೇ ಎಂಜಿನಿಯರ್ ಒಬ್ಬರು ಬರೆದುಕೊಟ್ಟಿದ್ದರು. ಆ ಅಂಗಳದ ವಿನ್ಯಾಸದಲ್ಲೇ ಬಲದ ಕೊರತೆ ಇತ್ತೆಂಬುದೂ ಮುಂದಿನ ತನಿಖೆಯಲ್ಲಿ ಹೊರಬಿತ್ತು. ನೀರೊಂದೇ ಕಾರಣ ಎಂದು ಯಾರೂ ಹೇಳುತ್ತಿಲ್ಲ, ಬಲ ಮೊದಲೇ ಕಡಿಮೆಯಿದ್ದ ಕಡೆ ನೀರು ಕೆಲಸ ಬೇಗ ಮುಗಿಸುತ್ತದೆ. ನಮ್ಮ ದೇಶದಲ್ಲೇ, ಗುರುಗ್ರಾಮದ ಚಿಂಟೆಲ್ಸ್ ಪ್ಯಾರಡೈಸೊ ಸಮುಚ್ಚಯದಲ್ಲಿ 2022ರ ಫೆಬ್ರುವರಿ 10ರಂದು ಆರನೇ ಮಹಡಿಯ ಮನೆಯ ನೆಲ ಕುಸಿದು, ಕೆಳಗಿನ ಮನೆಗಳ ನೆಲಗಳನ್ನೂ ಒಂದರ ಮೇಲೊಂದರಂತೆ ಕೆಡವಿತು. ಇಬ್ಬರು ಮಹಿಳೆಯರು ತೀರಿಕೊಂಡರು. ಪರೀಕ್ಷೆ ನಡೆಸಿದ ದೆಹಲಿ ಐಐಟಿಯ ತಜ್ಞರು ಕಾಂಕ್ರೀಟಿನಲ್ಲಿ ಕ್ಲೋರೈಡ್ ಇದ್ದು, ಅದರಿಂದ ಕಂಬಿಗಳು ವೇಗವಾಗಿ ತುಕ್ಕು ಹಿಡಿದಿವೆ ಎಂದು ವರದಿ ಕೊಟ್ಟರು. ಅಲ್ಲಿ ಕ್ಲೋರೈಡ್ ಕಟ್ಟುವಾಗಲೇ ಸೇರಿತ್ತು, ನಮ್ಮ ಬಚ್ಚಲುಗಳಿಗೆ ಅದು ಬಾಟಲಿಯಲ್ಲಿ ಬರುತ್ತಿದೆ.

ಬೆಂಗಳೂರಿನಲ್ಲಿ 2021ರ ಸೆಪ್ಟೆಂಬರ್ 27ರಂದು ಲಕ್ಕಸಂದ್ರದಲ್ಲಿ ಮೆಟ್ರೊ ಕಾರ್ಮಿಕರು ವಾಸವಿದ್ದ ಮೂರು ಅಂತಸ್ತಿನ ಕಟ್ಟಡ ಕುಸಿಯಿತು, ಮರುದಿನವೇ ಡೇರಿ ವೃತ್ತದ ಬಳಿ ಹಾಲು ಒಕ್ಕೂಟದ ನೌಕರರ ವಸತಿಗೃಹದ ಭಾಗ ಬಿತ್ತು. ಎರಡೂ ಕಡೆ ಮೊದಲೇ ಜನರನ್ನು ಹೊರಗೆ ಕಳಿಸಿದ್ದರಿಂದ ಜೀವಹಾನಿ ತಪ್ಪಿತು. ಇವು ಬಚ್ಚಲ ನೀರಿನಿಂದ ಬಿದ್ದವು ಎಂದು ನಾನು ಹೇಳುವುದಿಲ್ಲ. ಶಿಥಿಲ ಕಟ್ಟಡಗಳ ಸಮೀಕ್ಷೆ ಆಮೇಲೆ ನಡೆಯಿತು. ಹೊರಗೋಡೆಯ ಬಿರುಕು ರಸ್ತೆಯಿಂದ ಕಾಣುತ್ತದೆ. ಎರಡನೇ ಮಹಡಿಯ ಬಚ್ಚಲಿನ ಗುಂಡಿಯಲ್ಲಿ ನಿಂತ ನೀರು ಯಾವ ಸಮೀಕ್ಷೆಯ ಕಣ್ಣಿಗೂ ಬೀಳುವುದಿಲ್ಲ.

ಕುಸಿತದ ಮಾತು ದೊಡ್ಡದಾಯಿತು ಎನ್ನುವವರಿಗೆ ಸಣ್ಣ ಹಾನಿಗಳೂ ಇವೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ತೇವ ಮತ್ತು ಬೂಸ್ಟು ಹಿಡಿದ ಮನೆಗಳಲ್ಲಿ ವಾಸಿಸುವವರಿಗೆ ಉಸಿರಾಟದ ತೊಂದರೆ, ಸೋಂಕು ಮತ್ತು ಅಸ್ತಮಾ ಉಲ್ಬಣದ ಅಪಾಯ ಹೆಚ್ಚು. ದೂಳಿಗೂ ಪರಾಗಕ್ಕೂ ಮೊದಲೇ ಸೀನುವ ಊರು ನಮ್ಮದು. ಇನ್ನು ವಿದ್ಯುತ್ತು. ಸೂರಿನ ದೀಪ, ಫ್ಯಾನಿನ ತಂತಿ ಹಾಯುವುದು ಅದೇ ಮೋಲ್ಡಿನೊಳಗೆ ಹೂತ ಪೈಪಿನಲ್ಲಿ. ಮೇಲಿನ ನೀರಿಗೆ ಅದು ಸಿದ್ಧ ಕಾಲುವೆ. ಫ್ಯಾನಿನ ಬಾಕ್ಸಿನಿಂದ ನೀರು ತೊಟ್ಟಿಕ್ಕಿದರೆ ಮೊದಲು ಮೇನ್ ಆಫ್ ಮಾಡಿ, ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಮನೆಯಲ್ಲಿದೆಯೇ ಎಂದು ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ.

ಕಾನೂನು ಕಾಯುತ್ತದೆ ಎಂದು ನಂಬಿ ಕೂರುವಂತಿಲ್ಲ. ರಿಯಲ್ ಎಸ್ಟೇಟ್ ನಿಯಂತ್ರಣದ ರೇರಾ ಕಾಯ್ದೆಯ 14ನೇ ಕಲಂ ಪ್ರಕಾರ ಮನೆ ಒಪ್ಪಿಸಿದ ಐದು ವರ್ಷದೊಳಗೆ ರಚನೆಯ ಅಥವಾ ಕೆಲಸಗಾರಿಕೆಯ ದೋಷ ಕಂಡರೆ ಬಿಲ್ಡರ್ 30 ದಿನದಲ್ಲಿ ಖರ್ಚಿಲ್ಲದೆ ಸರಿಪಡಿಸಬೇಕು. ಆದರೆ 500 ಚದರ ಮೀಟರ್ ಮೀರದ ಜಾಗದ ಅಥವಾ ಎಂಟು ಮನೆ ಮೀರದ ಯೋಜನೆಗೆ ರೇರಾ ನೋಂದಣಿಯೇ ಬೇಕಿಲ್ಲ. 40×60ರ ನಿವೇಶನ ಎಂದರೆ 223 ಚದರ ಮೀಟರ್. ಜಯನಗರ, ಬನಶಂಕರಿಯಲ್ಲಿ ಮಹಡಿಗೊಂದರಂತೆ ಮಾರಾಟವಾಗುವ ಮನೆಗಳಲ್ಲಿ ಹೆಚ್ಚಿನವು ಹೀಗೆ ನೋಂದಣಿಯ ಹೊರಗೇ ಉಳಿಯುತ್ತವೆ. ಗ್ರಾಹಕರ ಆಯೋಗಕ್ಕೆ ಹೋಗಬಹುದು, ಅಲ್ಲಿಗೆ ದೂರು ಒಯ್ಯಲು ಎರಡು ವರ್ಷದ ಗಡುವಿದೆ. ಮನೆ ಮಾಲೀಕರೇ ಕಂಟ್ರಾಕ್ಟರ್ ಇಟ್ಟು ಕಟ್ಟಿಸಿದ್ದರೆ ಕರಾರು ಪತ್ರದಲ್ಲಿ ಬರೆದದ್ದೇ ಗತಿ, ಅದರಲ್ಲಿ ಟೈಲ್ಸಿನ ಚದರಡಿ ದರ ಇರುತ್ತದೆ, ನೀರು ನಿಲ್ಲಿಸಿ ನೋಡುವ ಮಾತು ಇರುವುದಿಲ್ಲ. ನಿಯಮ ಬಿಗಿಯಾಗಿರುವ ಕಡೆಯೂ ಈ ಕೆಲಸ ಎಷ್ಟು ಕೆಡುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ 2021ರ ಸಮೀಕ್ಷೆ ನೋಡಬಹುದು. ಹೊಸ ಅಪಾರ್ಟ್‌ಮೆಂಟುಗಳಲ್ಲಿ ಶೇ 39ರಲ್ಲಿ ಗಂಭೀರ ದೋಷ ಕಂಡಿತು, ದೋಷಗಳಲ್ಲಿ ಮೊದಲ ಸ್ಥಾನ ವಾಟರ್‌ಪ್ರೂಫಿಂಗಿನದು. ನಮ್ಮಲ್ಲೂ ಒದ್ದೆ ಜಾಗಗಳ ವಾಟರ್‌ಪ್ರೂಫಿಂಗಿಗೆಂದೇ ಐಎಸ್ 13182 ಎಂಬ ಶಿಫಾರಸು 1991ರಿಂದ ಇದೆ. ಅದರ ಹೆಸರು ಕೇಳಿದ ಗಾರೆ ಮೇಸ್ತ್ರಿ ಸಿಕ್ಕರೆ ನಿಮ್ಮ ಪುಣ್ಯ.

ಮೇಸ್ತ್ರಿಯೊಬ್ಬರನ್ನೇ ದೂರಿ ಫಲವಿಲ್ಲ. 50 ಕಿಲೋ ಸಿಮೆಂಟ್ ಚೀಲಕ್ಕೆ 200 ಮಿಲಿಲೀಟರ್ ದ್ರಾವಣ ಬೆರೆಸಿದರೆ ವಾಟರ್‌ಪ್ರೂಫಿಂಗ್ ಆಯಿತು ಎಂದು ಅವರಿಗೆ ಹೇಳಿಕೊಟ್ಟವರಿದ್ದಾರೆ. ಆ ದ್ರಾವಣ ಗಾರೆಯ ರಂಧ್ರ ಕಡಿಮೆ ಮಾಡುತ್ತದೆ, ಬಿರುಕನ್ನು ಮುಚ್ಚುವುದಿಲ್ಲ. ಬಚ್ಚಲಿಗೆ ಬೇಕಿರುವುದು ಬಿರುಕಿನ ಮೇಲೂ ಹಿಗ್ಗಿ ನಿಲ್ಲುವ ಪಾಲಿಮರ್ ಬೆರೆತ ಲೇಪ. ಪೈಪು ಹಾಯುವ ತೂತುಗಳನ್ನೆಲ್ಲ ಕುಗ್ಗದ ಗ್ರೌಟಿನಿಂದ ತುಂಬಿ, ನೆಲ–ಗೋಡೆಯ ಮೂಲೆಗೆ ಗಾರೆಯ ದುಂಡು ಅಂಚು (ಗೋಲಾ) ಕೊಟ್ಟು, ಮೂಲೆಗಳಿಗೆ ಫೈಬರ್ ಬಲೆ ಒತ್ತಿ, ಒಂದು ಕೋಟು ಉದ್ದಕ್ಕೆ, ಅದು ಒಣಗಿದ ಮೇಲೆ ಇನ್ನೊಂದು ಅಡ್ಡಕ್ಕೆ. ಶವರ್ ಗೋಡೆಗೆ ಆರಡಿಯವರೆಗೆ. ಗುಂಡಿ ತುಂಬಿದ ಮೇಲೆ, ಟೈಲ್ಸ್ ಕೆಳಗೆ, ಡ್ರೈನಿನ ಕಡೆಗೆ ಇಳಿಜಾರು ಕೊಟ್ಟು ಇನ್ನೊಂದು ಪದರ. ತುಂಬಲು ಗೋಡೆ ಒಡೆದ ಪುಡಿ ಬೇಡ, ಹಗುರ ಕಾಂಕ್ರೀಟ್ ಬಳಸಿ. ಇಷ್ಟೆಲ್ಲ ಸರಿಯಾಗಿ ಮಾಡಿದ ಕೆಲಸ ಕೂಡ ಕೆಡುವುದು ಸರದಿ ತಪ್ಪಿದಾಗ. ಲೇಪದವರು ಶನಿವಾರ ಮುಗಿಸಿ ಹೋಗುತ್ತಾರೆ, ಸೋಮವಾರ ಪ್ಲಂಬರ್ ಬಂದು ನಹಾನಿ ಟ್ರ್ಯಾಪ್ ಎರಡು ಇಂಚು ಸರಿಸಲು ಉಳಿ ಹಿಡಿಯುತ್ತಾರೆ, ಮಧ್ಯಾಹ್ನ ಗೀಸರಿನ ಪಾಯಿಂಟಿಗೆ ಗೋಡೆ ಕೊರೆಯುತ್ತಾರೆ, ಸಂಜೆ ಅದರ ಮೇಲೆ ಗಾರೆ ಬೀಳುತ್ತದೆ. ಕೊಳಾಯಿ, ವಿದ್ಯುತ್ತು ಎಲ್ಲ ಮುಗಿದು, ಕೊಳಾಯಿಗೆ ಒತ್ತಡದ ಪರೀಕ್ಷೆಯೂ ಆದ ಮೇಲೆ ಲೇಪ ಬರಬೇಕು. ಆಮೇಲೆ ಆ ಕೋಣೆಯಲ್ಲಿ ಉಳಿ–ಸುತ್ತಿಗೆ ಮುಟ್ಟಕೂಡದು.

ಲೇಪ ಪೂರ್ತಿ ಒಣಗಿದ ಮೇಲೆ ಡ್ರೈನಿನ ಬಾಯಿಗೆ ಬಿಗಿ ಬಿರಡೆ ಹಾಕಿ ಎರಡು ಇಂಚು ನೀರು ಕಟ್ಟಿ. 40 ಚದರ ಅಡಿಗೆ ಬೇಕಾಗುವುದು 190 ಲೀಟರ್, ಒಂದು ಡ್ರಮ್ಮಿನೊಳಗಿನ ನೀರು. ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದು ದಿನಾಂಕ, ಗಂಟೆ ಬರೆದು ಫೋಟೊ ತೆಗೆದಿಡಿ. ಆವಿಯಾಗಿ ದಿನಕ್ಕೆ ಕೆಲವು ಮಿಲಿಮೀಟರ್ ಇಳಿಯುವುದು ಸಹಜ. ಅದಕ್ಕಿಂತ ಹೆಚ್ಚು ಇಳಿದರೂ, ಕೆಳಗಿನ ಮೋಲ್ಡಿನಲ್ಲಿ ನಾಣ್ಯದಗಲ ಕಪ್ಪು ಕಂಡರೂ, ಕೆಲಸ ಒಪ್ಪಿಕೊಳ್ಳಬೇಡಿ. ಪರೀಕ್ಷೆ ಮುಗಿದ ನೀರನ್ನು ಗೋಡೆಯ ಕ್ಯೂರಿಂಗಿಗೆ ಬಳಸಿ, ಬರದ ಊರಿನಲ್ಲಿ ನೀರು ಹಾಳಾಯಿತೆಂಬ ಕೊರಗೂ ಬೇಡ.

ಈಗಾಗಲೇ ಸೋರುತ್ತಿರುವ ಮನೆಯವರಿಗೆ ಹೇಳುವುದು ಎರಡೇ ಮಾತು: ಆಸಿಡ್ ಬಾಟಲಿಯನ್ನು ಇವತ್ತೇ ಮನೆಯಿಂದ ಹೊರಗೆ ಹಾಕಿ, ಸೂರಿನಲ್ಲಿ ಕಂದು ಕಲೆ ಅಥವಾ ನೇರ ಬಿರುಕು ಕಂಡರೆ ಪೇಂಟರನ್ನು ಕರೆಯುವ ಮೊದಲು ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಯಿರಿ. ಈಗ ಕಟ್ಟಿಸುತ್ತಿರುವವರು ಕರಾರು ಪತ್ರದಲ್ಲಿ ಒಂದು ಸಾಲು ಸೇರಿಸಿ: ಪ್ರತಿ ಬಚ್ಚಲಿಗೆ 72 ಗಂಟೆ ನೀರು ನಿಲ್ಲಿಸಿ, ಕೆಳಗಿನ ಮೋಲ್ಡ್ ಒಣಗಿರುವುದನ್ನು ಮಾಲೀಕರು ನೋಡಿ ಸಹಿ ಹಾಕಿದ ಮೇಲೆಯೇ ಟೈಲ್ಸ್ ಕೆಲಸದ ಹಣ.